ಮದ್ದೂರು ರೈಲ್ವೆ ಸ್ಟೇಷನ್: ಹನ್ನೊಂದು ವರ್ಷ ಸೀಸನ್ ಪಾಸಲ್ಲಿ ಓಡಾಡಿದವನ ರಿವ್ಯೂ

ಮದ್ದೂರು ಅಂದ ತಕ್ಷಣ ಎಲ್ರ ಬಾಯಲ್ಲೂ ಮೊದ್ಲು ಬರೋದು ವಡೆ. ಆದ್ರೆ ಆ ವಡೆ ಹುಟ್ಟಿದ್ದು ಹೈವೇ ಪಕ್ಕದ ಹೋಟ್ಲಲ್ಲಿ ಅಲ್ಲ, ನಮ್ಮೂರ ರೈಲ್ವೆ ಸ್ಟೇಷನ್ನಲ್ಲಿ ಅನ್ನೋದು ಈಗಿನ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಕಾರಲ್ಲಿ ಬರ್ತಾರೆ, ಪಾರ್ಸಲ್ ಕಟ್ಟಿಸ್ಕೋತಾರೆ, ಹೋಗ್ತಾರೆ. ನಾನು ಹನ್ನೊಂದು ವರ್ಷ ಇದೇ ಸ್ಟೇಷನ್ನಿಂದ ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ವಾಪಸ್ ಬಂದೋನು, ಈಗ ಆಫೀಸಿಗೆ ವಾರಕ್ಕೆ ಮೂರು ದಿನ ಅಂತ ಆಗಿದೆ, ಆದ್ರೂ ಪಾಸ್ ಬಿಟ್ಟಿಲ್ಲ. ಒಂದು ಮಿಕ್ಸಿ ತಗೊಂಡ್ರೆ, ಒಂದು ಫೋನ್ ತಗೊಂಡ್ರೆ ಕೂತ್ಕೊಂಡು ಉದ್ದುದ್ದ ರಿವ್ಯೂ ಬರೀತೀವಿ, ಮನೆಗೆ ಅನ್ನ ತಂದುಕೊಟ್ಟ ಸ್ಟೇಷನ್ ಬಗ್ಗೆ ನಾಲ್ಕು ಮಾತು ಬರೀದೆ ಹೋದ್ರೆ ಹೆಂಗೆ ಅಂತ ಇವತ್ತು ಕೂತಿದೀನಿ. ಸ್ವಲ್ಪ ಉದ್ದ ಆಗುತ್ತೆ.

ಈಗ ಯಾಕೆ ಬರೀಬೇಕು ಅನ್ನಿಸ್ತು ಅಂದ್ರೆ, ಹೋದ ವರ್ಷ ಒಂದಿನ ಆಫೀಸಲ್ಲಿ ತಡ ಆಯ್ತು, ಸಂಜೆ ರೈಲು ಹೋಗ್ಬಿಟ್ಟಿತ್ತು, ಮೈಸೂರ್ ಕಡೆ ಹೋಗೋ ಒಂದು ಬಸ್ ಹತ್ತಿದೆ. ಯಾವ ಬಸ್ಸು ಅಂತ ಹೇಳಲ್ಲ, ಹೇಳಿ ಏನೂ ಆಗ್ಬೇಕಾಗಿಲ್ಲ. ಹತ್ತೋವಾಗ ಮದ್ದೂರಿಗೆ ಹೋಗುತ್ತೆ ಅಂದ್ರು, ಚಾರ್ಜೂ ಇಸ್ಕೊಂಡ್ರು, ರಾತ್ರಿ ಹನ್ನೊಂದರ ಹತ್ರ ಎಕ್ಸ್‌ಪ್ರೆಸ್‌ವೇ ಅಂಚಲ್ಲಿ ನಿಲ್ಲಿಸಿ ಇಲ್ಲೇ ಇಳ್ಕೊಳ್ಳಿ ಊರೊಳಗೆ ಹೋಗಲ್ಲ ಅಂದ್ಬಿಟ್ರು. ನನ್ ಜೊತೆ ಒಬ್ಬ ಅಜ್ಜಿ ಇಳಿದ್ರು, ಕೈಯಲ್ಲಿ ಆಸ್ಪತ್ರೆ ಫೈಲು, ಬೆಂಗಳೂರಲ್ಲಿ ಕಣ್ಣು ತೋರಿಸ್ಕೊಂಡು ಬರ್ತಿದ್ರಂತೆ. ಗಾಡಿಗಳು ಬುರ್ರ್ ಅಂತ ಪಕ್ಕದಲ್ಲೇ ಹೋಗ್ತಾವೆ, ಕತ್ತಲು, ಬೇಲಿ ದಾಟಿ ಸರ್ವಿಸ್ ರೋಡಿಗೆ ಇಳಿಯೋಕೆ ದಾರಿ ಹುಡುಕೋದಕ್ಕೇ ಕಾಲು ಗಂಟೆ ಆಯ್ತು. ಆ ಅಜ್ಜಿ ನನ್ ಕೈ ಹಿಡ್ಕೊಂಡು ಒಂದೇ ಮಾತು ಹೇಳಿದ್ರು, "ರೈಲಲ್ಲಿ ಬಂದಿದ್ರೆ ಊರೊಳಗೇ ಇಳೀತಿದ್ದೆ ಕಣಪ್ಪ." ಮೊಮ್ಮಗನಿಗೆ ಫೋನ್ ಮಾಡಿ ಸ್ಕೂಟರ್ ತರಿಸಿ ಅವ್ರನ್ನ ಕಳಿಸಿ ನಾನು ನಡ್ಕೊಂಡು ಬಂದೆ. ಆ ಮಾತು ಮಾತ್ರ ಇನ್ನೂ ತಲೇಲಿ ಕೂತಿದೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ್ಮೇಲೆ ದೂರ ಹೋಗೋರಿಗೆ ಟೈಮ್ ಉಳೀತು, ಅದು ನಿಜ, ಅದರಲ್ಲಿ ನಂದೇನೂ ತಕರಾರಿಲ್ಲ. ಆದ್ರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವ ಊರಿಗೂ ಇಳೀದೆ ಜನ ಸೀದಾ ಹೋಗ್ತಾರೆ, ಹಳೇ ರೋಡಲ್ಲಿದ್ದ ಹೋಟ್ಲು, ಎಳನೀರು ಅಂಗಡಿ, ಗೊಂಬೆ ಅಂಗಡಿ ಎಲ್ರಿಗೂ ಪೆಟ್ಟು ಬಿದ್ದಿದೆ. ಇಷ್ಟೆಲ್ಲಾ ಆದ್ರೂ ಹಳೇ ಜಾಗ ಬಿಟ್ಟು ಒಂದಿಂಚೂ ಕದಲದೆ ಇರೋದು ಅಂದ್ರೆ ಸ್ಟೇಷನ್ ಒಂದೇ. ಬೆಂಗಳೂರಿಂದ ಸುಮಾರು 75 ಕಿಲೋಮೀಟರ್, ಅಂದ್ರೆ ಮೈಸೂರಿಗೆ ಹೋಗೋ ದಾರೀಲಿ ಅರ್ಧಕ್ಕಿಂತ ಒಂಚೂರು ಮುಂದೆ, ಮೊದ್ಲು ಎಲ್ಲಿತ್ತೋ ಈಗ್ಲೂ ಅಲ್ಲೇ ಇದೆ, ರೈಲು ಅಲ್ಲೇ ನಿಲ್ಲುತ್ತೆ. ಅದಕ್ಕೇ ನಾನು ಹೇಳೋದು, ಇವತ್ತು ಮದ್ದೂರಿಗೆ ಹೆಬ್ಬಾಗಿಲು ಅಂತ ಇದ್ರೆ ಅದು ಈ ಸ್ಟೇಷನ್ನೇ.

ಇನ್ನು ಇದರ ಹಿಂದಿನ ಕಥೆ. ನಮ್ ಕಡೆ ಹಳಬರು ಧಾತು ಈಶ್ವರ ಬರ ಅಂತ ಹೇಳ್ತಿದ್ರು, ಧಾತು ಸಂವತ್ಸರ, ಈಶ್ವರ ಸಂವತ್ಸರ, ಎರಡು ವರ್ಷ ಸಾಲಾಗಿ ಬಂದ ಬರ, ಇಂಗ್ಲಿಷ್ ಲೆಕ್ಕದಲ್ಲಿ 1876ರಿಂದ 78. ಮೈಸೂರು ಸೀಮೇಲಿ ಲಕ್ಷಾಂತರ ಜನ ಹಸಿವಲ್ಲೇ ಹೋದ್ರು. ಆ ಬರದ ಹೊಡೆತದಿಂದಲೇ ಬೆಂಗಳೂರು-ಮೈಸೂರು ರೈಲು ದಾರಿ ಬಂದಿದ್ದು, ಒಂದು ಕಡೆ ಹಸಿದ ಜನಕ್ಕೆ ಕೂಲಿ ಸಿಗ್ಲಿ ಅಂತ, ಇನ್ನೊಂದು ಕಡೆ ಮುಂದಿನ ಸಲ ಬರ ಬಂದ್ರೆ ಧಾನ್ಯ ಬೇಗ ಸಾಗಿಸೋಕೆ ಆಗ್ಲಿ ಅಂತ. ಅದಕ್ಕಿಂತ ಮುಂಚೆ ಮದ್ರಾಸ್ ಕಡೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ 1864ರಲ್ಲೇ ರೈಲು ಬಂದಿತ್ತು, ಆದ್ರೆ ಮೈಸೂರು ರಾಜಧಾನಿ ಕಡೆಗೆ ಎತ್ತಿನ ಗಾಡಿ, ಜಟಕಾನೇ ಗತಿ. 1881-82ರಲ್ಲಿ ಹಂತ ಹಂತವಾಗಿ ಈ ಲೈನ್ ತೆರೀತು, ಮೈಸೂರು ಸರ್ಕಾರದ್ದೇ ರೈಲು, ಮೀಟರ್ ಗೇಜ್. ಅದೇ 1881ರ ಮಾರ್ಚಲ್ಲಿ ರಾಜ್ಯ ಬ್ರಿಟಿಷರ ಕೈಯಿಂದ ವಾಪಸ್ ಹತ್ತನೇ ಚಾಮರಾಜ ಒಡೆಯರ ಕೈಗೆ ಬಂತು, ರಂಗಾಚಾರ್ಲು ದಿವಾನರು. ನಾನು ಪ್ಲಾಟ್‌ಫಾರ್ಮಲ್ಲಿ ಸುಮ್ನೆ ಕೂತಾಗ ಇದೇ ಯೋಚ್ನೆ ಬರುತ್ತೆ, ಈ ಹಳಿ ಕೆಳಗಿನ ಮಣ್ಣು ಹೊತ್ತಿದ್ದು ಹೊಟ್ಟೆಗಿಲ್ಲದ ಜನ, ಒಂದು ಹೊತ್ತಿನ ಕೂಲಿಗೆ. ಅವ್ರ ಹೆಸರು ಎಲ್ಲೂ ಬರ್ದಿಲ್ಲ. ಅದನ್ನ ನೆನೆಸ್ಕೊಂಡ್ರೆ ಪ್ಲಾಟ್‌ಫಾರ್ಮಲ್ಲಿ ಉಗುಳೋರನ್ನ ಕಂಡಾಗ ನಂಗೆ ಬರೋ ಸಿಟ್ಟು ಅಷ್ಟಿಷ್ಟಲ್ಲ.

ಸ್ವಾತಂತ್ರ್ಯ ಬಂದ್ಮೇಲೆ 1951ರಲ್ಲಿ ಮೈಸೂರು ರೈಲ್ವೆ ಹೋಗಿ ದಕ್ಷಿಣ ರೈಲ್ವೆಗೆ ಸೇರ್ತು, 2003ರಿಂದ ನೈಋತ್ಯ ರೈಲ್ವೆ. ಮೀಟರ್ ಗೇಜ್ ತೊಂಬತ್ತರ ದಶಕದ ಶುರುವಲ್ಲಿ ಬ್ರಾಡ್ ಗೇಜ್ ಆಯ್ತು. ಹಳಿ ಮಧ್ಯೆ ಒಂದು ಮೀಟರ್ ಇದ್ದದ್ದು 1676 ಮಿಲಿಮೀಟರ್ ಆಯ್ತು, ಆಮೇಲೆ ಡಬಲ್ ಲೈನು, ಕರೆಂಟು. ಡಬಲ್ ಲೈನ್ ಮುಗಿಯೋಕೆ ಎಷ್ಟು ವರ್ಷ ಕಾದ್ವಿ ಅಂತ ಪಾಸ್‌ನೋರನ್ನ ಕೇಳಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದುಗುಂಡು ಇಡೋ ಮನೆ ದಾರಿಗೆ ಅಡ್ಡ ಇತ್ತು, ಅದನ್ನ ಒಡೀಬಾರ್ದು ಅಂತ 2017ರಲ್ಲಿ ಇಡೀ ಕಟ್ಟಡವನ್ನ ಬುಡ ಸಮೇತ ಎತ್ತಿ ಪಕ್ಕಕ್ಕೆ ಸರಿಸಿದ್ರು, ಆಮೇಲೆ ಅಲ್ಲಿ ಎರಡನೇ ಹಳಿ ಬಿತ್ತು. ಇನ್ನೂರು ವರ್ಷಕ್ಕೂ ಹಳೇ ಕಟ್ಟಡ ಒಂದು ಬಿರುಕು ಕಾಣ್ದಂಗೆ ಉಳೀಬೇಕು, ರೈಲೂ ಓಡಬೇಕು ಅಂತ ಯೋಚಿಸಿ ಆ ಕೆಲ್ಸ ಮಾಡಿದವ್ರಿಗೆ ಕೈ ಮುಗೀಬೇಕು.

ಈಗ ವಡೆ. 1917ರ ಮಾತು. ಕುಂದಾಪುರ ಕಡೆಯ ರಾಮಚಂದ್ರ ಬುಧ್ಯ ಅನ್ನೋರು ಸ್ಟೇಷನ್ನಲ್ಲಿ ತಿಂಡಿ ಮಾರ್ತಿದ್ರು. ರೈಲು ಬರೋ ಹೊತ್ತಾಯ್ತು, ಪಕೋಡ ಉಂಡೆ ಉಂಡೆ ಬಿಟ್ಟು ಒಳಗಿನ ತನಕ ಬೇಯಿಸ್ತಾ ಕೂರೋಕೆ ಪುರುಸೊತ್ತಿಲ್ಲ, ಕೈಲಿದ್ದ ಹಿಟ್ಟುಗಳನ್ನೆಲ್ಲಾ ಕಲಸಿ ಅಂಗೈ ಮೇಲೆ ತಟ್ಟಿ ಚಪ್ಪಟೆ ಮಾಡಿ ಎಣ್ಣೆಗೆ ಬಿಟ್ರು, ಬೇಗ ಬೆಂತು, ಗರಿಗರಿ ಆಯ್ತು, ರೈಲಲ್ಲಿದ್ದೋರಿಗೆ ರುಚಿ ಹತ್ತಿತು ಅಂತ ನಮ್ಮೂರಲ್ಲಿ ಹೇಳೋ ಕಥೆ. ಕಥೆ ಒಬ್ಬೊಬ್ರು ಒಂದೊಂದು ತರ ಹೇಳ್ತಾರೆ, ಆದ್ರೆ ರೈಲಿನ ಆತುರಕ್ಕೇ ಹುಟ್ಟಿದ ತಿಂಡಿ ಅನ್ನೋದ್ರಲ್ಲಿ ಎಲ್ರೂ ಒಂದೇ. ನಂಗೆ ಅದು ಪೂರಾ ಸರಿ ಅನ್ಸುತ್ತೆ, ಯಾಕಂದ್ರೆ ಆ ವಡೆನ ಸರಿಯಾಗಿ ನೋಡಿ, ಅದರ ಒಂದೊಂದು ಗುಣವೂ ರೈಲಿಗೇ ಹೇಳಿ ಮಾಡಿಸಿದಂಗಿದೆ. ಉದ್ದಿನ ವಡೆ ತರ ರುಬ್ಬಿ ಹುದುಗಿಸೋ ಗೋಜಿಲ್ಲ, ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಮೇಲೆ ಕಾದ ಎಣ್ಣೆನೋ ತುಪ್ಪನೋ ಹಾಕಿ ಕಲಸಿದ್ರೆ ಮುಗೀತು. ಚಪ್ಪಟೆ ಇರೋದ್ರಿಂದ ಬೇಗ ಬೇಯುತ್ತೆ. ನೀರಿನ ಅಂಶ ಕಮ್ಮಿ, ಹಂಗಾಗಿ ಮರುದಿನಕ್ಕೂ ಕೆಡಲ್ಲ. ಚಟ್ನಿ ಇಲ್ದೇನೂ ತಿನ್ಬೋದು, ಒಂದೇ ಕೈಯಲ್ಲಿ ಹಿಡೀಬೋದು, ಇನ್ನೊಂದು ಕೈಯಲ್ಲಿ ಕಂಬಿ ಹಿಡ್ಕೊಂಡು ನಿಂತಿರೋನೂ ತಿನ್ಬೋದು.

ಒಳ್ಳೇ ಮದ್ದೂರ್ ವಡೆ ಹೆಂಗಿರ್ಬೇಕು ಅಂದ್ರೆ, ಅಂಗೈ ಅಗಲ, ಅಂಚು ಕೆಂಪಗೆ ತೆಳ್ಳಗೆ, ಮಧ್ಯದಲ್ಲಿ ಒಂದು ಚೂರು ದಪ್ಪ. ಮುರಿದ್ರೆ ಲಟಕ್ ಅಂತ ಸದ್ದು ಬರ್ಬೇಕು, ಮುರಿದ ಜಾಗದಲ್ಲಿ ಸುಟ್ಟ ಈರುಳ್ಳಿ ಎಳೆ ಎಳೆಯಾಗಿ ಹೊರಗೆ ಇಣುಕ್ಬೇಕು, ಕೆಳಗಿಟ್ಟ ಪೇಪರಲ್ಲಿ ಎಣ್ಣೆ ಕಲೆ ಒಂದು ನಾಣ್ಯದಷ್ಟು ಮಾತ್ರ ಮೂಡ್ಬೇಕು. ಪೇಪರ್ ಪೂರ್ತಿ ನೆಂದಿದ್ರೆ ಎಣ್ಣೆ ಸರಿಯಾಗಿ ಕಾದಿರ್ಲಿಲ್ಲ ಅಂತ ಅರ್ಥ. ಮೊದಲ ತುಂಡಿಗೆ ಹಲ್ಲಿಗೆ ರವೆ ಸಿಗುತ್ತೆ, ಎರಡನೇದಕ್ಕೆ ಈರುಳ್ಳಿ ಸಿಹಿ, ಆಮೇಲೆ ನಿಧಾನಕ್ಕೆ ಮೆಣಸಿನಕಾಯಿ ಖಾರ ಗಂಟಲಿಗೆ ಇಳಿಯುತ್ತೆ. ಈಗ ಎಲ್ಲಾ ಊರಲ್ಲೂ ಮದ್ದೂರ್ ವಡೆ ಅಂತ ಬೋರ್ಡ್ ಹಾಕ್ತಾರೆ, ಒಂದು ಕಡೆ, ಎಲ್ಲಿ ಅಂತ ಬೇಡ, ಮೆತ್ತಗಿನ ಈರುಳ್ಳಿ ಬೋಂಡಾನ ತಟ್ಟಿ ಇದೇ ಮದ್ದೂರ್ ವಡೆ ಅಂತ ಕೊಟ್ರು, ತಿಂದು ಮನಸ್ಸಿಗೆ ಬೇಜಾರಾಯ್ತು. ಹೊರಗಿನೋರು ಅದನ್ನ ತಿಂದು ಓ ಇಷ್ಟೇನಾ ಅಂದ್ಕೊಂಡ್ರೆ ನಮ್ಮೂರ ಮಾನ ಹೋದಂಗೆ.

ಸ್ಟೇಷನ್ ಒಳಗಿದ್ದ ವೆಜಿಟೇರಿಯನ್ ಟಿಫನ್ ರೂಮ್ ಬಗ್ಗೆ ಹೇಳ್ಲೇಬೇಕು. ಬುಧ್ಯರ ಕಾಲದಿಂದ ಕೈಯಿಂದ ಕೈಗೆ ಬಂದು ಸುಮಾರು ನೂರು ವರ್ಷ ನಡೀತು, ಆಮೇಲೆ ಬಾಗಿಲು ಹಾಕ್ತು. ನಾನು ಚಿಕ್ಕವನಿದ್ದಾಗ ಅಪ್ಪ ಅಲ್ಲಿಗೆ ಕರ್ಕೊಂಡು ಹೋಗೋರು, ಊರಿಗೆ ಹೋಗೋದಕ್ಕಲ್ಲ, ವಡೆ ಕಾಫಿಗೆ. ರೈಲು ಬರೋಕೆ ಮುಂಚೆ ಗಂಟೆ ಹೊಡೀತಿದ್ದಂಗೆ ಇಡೀ ಪ್ಲಾಟ್‌ಫಾರ್ಮ್ ಎದ್ದು ನಿಲ್ಲೋದು, ಬುಟ್ಟಿ ಹೊತ್ತೋರು ಅವರವರ ಜಾಗಕ್ಕೆ ಹೋಗಿ ನಿಲ್ಲೋರು, ಯಾವ ಡಬ್ಬಿ ಎಲ್ಲಿ ಬಂದು ನಿಲ್ಲುತ್ತೆ ಅಂತ ಅವ್ರಿಗೆ ಗೇಣು ಗೇಣೂ ಲೆಕ್ಕ. "ವಡೇ ವಡೇ ಮದ್ದೂರ್ ವಡೇ" ಅನ್ನೋ ಕೂಗು ಮೊದಲ ಬೋಗಿಯಿಂದ ಕೊನೇ ಬೋಗಿವರೆಗೂ ಒಂದೇ ಉಸಿರಲ್ಲಿ ಹೋಗೋದು.

ಆಗ ಅಷ್ಟು ವ್ಯಾಪಾರ ಆಗ್ತಿದ್ದಿದ್ದು ಯಾಕೆ, ಈಗ ಯಾಕಿಲ್ಲ ಅಂತ ನಮ್ಮೂರಲ್ಲಿ ಚರ್ಚೆ ಆಗ್ತಾನೇ ಇರುತ್ತೆ. ಜನ ಬದಲಾದ್ರು, ರುಚಿ ಬದಲಾಯ್ತು ಅಂತಾರೆ. ನಾನು ಹೇಳೋದು ಬೇರೆ. ಸಿಂಗಲ್ ಲೈನ್ ಇದ್ದಾಗ ಬೆಂಗಳೂರಿಂದ ಬರೋ ಗಾಡಿ, ಮೈಸೂರಿಂದ ಬರೋ ಗಾಡಿ ಎರಡೂ ಒಂದೇ ಹಳಿ ಮೇಲೆ, ಸ್ಟೇಷನ್ನಲ್ಲಿ ಮಾತ್ರ ಪಕ್ಕದ ಲೂಪ್ ಲೈನಿಗೆ ಸರಿದು ಒಂದಕ್ಕೊಂದು ದಾರಿ ಬಿಡಬೇಕು, ಅದಕ್ಕೆ ಕ್ರಾಸಿಂಗ್ ಅನ್ನೋದು. ಎದುರುಗಾಡಿ ಲೇಟಾದ್ರೆ ನಮ್ ಗಾಡಿ ಹತ್ತು ನಿಮಿಷ, ಇಪ್ಪತ್ತು ನಿಮಿಷ ಸುಮ್ನೆ ನಿಂತಿರೋದು, ಜನಕ್ಕೆ ಬೇಜಾರು, ಕೆಳಗಿಳಿದು ಕೈಕಾಲು ಆಡಿಸೋರು, ವಡೆ ತಿನ್ನೋರು. ಆ ಕಾಯೋ ಹೊತ್ತೇ ಟಿಫನ್ ರೂಮಿನ ಬಂಡವಾಳ. ಡಬಲ್ ಲೈನ್ ಆದ್ಮೇಲೆ ಕ್ರಾಸಿಂಗ್ ಮಾತೇ ಇಲ್ಲ, ರೈಲು ಒಂದೆರಡು ನಿಮಿಷ ನಿಂತು ಹೊರಡುತ್ತೆ, ಇಳಿದು ದುಡ್ಡು ಕೊಟ್ಟು ಚಿಲ್ಲರೆ ಇಸ್ಕೊಂಡು ಹತ್ತೋಕೆ ಆಗಲ್ಲ, ಅಷ್ಟರಲ್ಲಿ ಹಾರ್ನ್ ಆಗಿರುತ್ತೆ. ಹಂಗಾಗಿ ಈಗ ವಡೆಯೋರೇ ರೈಲು ಹತ್ತಿ ಬೋಗಿ ಬೋಗಿ ದಾಟ್ಕೊಂಡು ಮುಂದಿನ ಊರಲ್ಲಿ ಇಳಿದು ಇನ್ನೊಂದು ಗಾಡೀಲಿ ವಾಪಸ್ ಬರ್ತಾರೆ. ದಿನಾ ಓಡಾಡೋ ನಮ್ಗೆ ಡಬಲ್ ಲೈನಿಂದ ಎಷ್ಟು ಉಪಕಾರ ಆಗಿದೆ ಅಂತ ಹೇಳೋಕಾಗಲ್ಲ, ಮಕ್ಕಳು ಮಲಗೋಕೆ ಮುಂಚೆ ಮನೆ ಸೇರ್ತೀವಿ. ಆದ್ರೆ ಅದೇ ಹಳಿ ಒಬ್ರ ಹೊಟ್ಟೆಪಾಡಿನ ಹೊತ್ತನ್ನ ಕಿತ್ಕೊಂಡಿದ್ದೂ ನಿಜ, ಅದನ್ನ ಮರೀಬಾರ್ದು. ಬುಟ್ಟಿಯೋರು ಬಂದಾಗ ಎರಡು ವಡೆ ತಗೊಳ್ಳಿ, ಚೌಕಾಸಿ ಮಾಡ್ಬೇಡಿ.

ಸರಿ, ಈಗ ಹೊಸಬರಿಗೆ ಬೇಕಾದ ವಿಷಯ. ಟೈಮ್ ಟೇಬಲ್ ಆಗಾಗ ಬದಲಾಗುತ್ತೆ, ಹಂಗಾಗಿ ನಾನು ನಿಮಿಷ ಬರೀತಿಲ್ಲ, ಹೊರಡೋ ದಿನ ಆ್ಯಪಲ್ಲಿ ನೋಡ್ಕೊಳ್ಳಿ, ಇಲ್ಲಾಂದ್ರೆ 139ಕ್ಕೆ ಫೋನ್ ಮಾಡಿ. ಬೆಂಗಳೂರು-ಮೈಸೂರು ಮಧ್ಯೆ ಓಡೋ ಪ್ಯಾಸೆಂಜರ್, ಮೆಮು (ಹತ್ತಿರದ ಊರುಗಳ ಮಧ್ಯೆ ಓಡೋ ಕರೆಂಟ್ ರೈಲು) ಗಾಡಿಗಳು ಇಲ್ಲಿ ನಿಲ್ತಾವೆ, ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲಾ ಕಡೆ ನಿಂತ್ಕೊಂಡು ಬರೋದ್ರಿಂದ ಸ್ವಲ್ಪ ನಿಧಾನ, ಆದ್ರೆ ಚಾರ್ಜು ಬಸ್ಸಿನ ಮುಂದೆ ಏನೇನೂ ಅಲ್ಲ. ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಕೆಲವು ನಿಲ್ತಾವೆ, ಕೆಲವು ಇಲ್ಲ, ಶತಾಬ್ದಿ ಆಗ್ಲಿ, 2022ರಲ್ಲಿ ಶುರುವಾದ ಚೆನ್ನೈ-ಮೈಸೂರು ವಂದೇ ಭಾರತ್ ಆಗ್ಲಿ ಇಲ್ಲಿ ನಿಲ್ಲಲ್ಲ, ಅದಕ್ಕೆ ಟಿಕೆಟ್ ಮಾಡಿಸಿ ಮದ್ದೂರಲ್ಲಿ ಇಳೀತೀನಿ ಅಂತ ಮೋಸ ಹೋಗ್ಬೇಡಿ. ಟಿಕೆಟ್ ಮಾಡಿಸೋವಾಗ ಸ್ಟೇಷನ್ ಕೋಡ್ ಎಂ.ಎ.ಡಿ. ಅಂತ ಇರುತ್ತೆ, ಬರೀ ಮದ್ದೂರು ಅಂತ ಹುಡುಕಿದ್ರೆ ಆಂಧ್ರದ ಕಡೆಯ ಹೆಸರುಗಳೂ ಹತ್ತಿರ ಹತ್ತಿರ ಬರ್ತಾವೆ, ಕೋಡ್ ನೋಡ್ಕೊಂಡ್ರೆ ಗೊಂದಲ ಇಲ್ಲ.

ಸೀಸನ್ ಪಾಸ್ ವಿಷಯ ನಂಗೆ ತುಂಬಾ ಜನ ಕೇಳ್ತಾರೆ. ತಿಂಗಳದ್ದು ಇದೆ, ಮೂರು ತಿಂಗಳದ್ದೂ ಇದೆ, ಮೂರು ತಿಂಗಳದ್ದು ತಗೊಂಡ್ರೆ ಸ್ವಲ್ಪ ಉಳಿಯುತ್ತೆ. ಫೋಟೋ ಇರೋ ಗುರುತಿನ ಚೀಟಿ ಜೊತೇಲಿರ್ಬೇಕು. ಪಾಸ್ ಇದೆ ಅಂತ ರಿಸರ್ವೇಶನ್ ಬೋಗಿಗೆ ಹತ್ತೋ ಹಂಗಿಲ್ಲ, ಸೂಪರ್‌ಫಾಸ್ಟ್ ಗಾಡೀಲಿ ಹೋಗೋದಾದ್ರೆ ಅದಕ್ಕೆ ಬೇರೆ ಸರ್‌ಚಾರ್ಜ್ ಕಟ್ಟಿರ್ಬೇಕು, ಗೊತ್ತಿಲ್ದೆ ಹತ್ತಿ ದಂಡ ಕಟ್ಟಿದೋರನ್ನ ನೋಡಿದೀನಿ. ಮೊದ್ಲು ಪಾಸ್ ಅಂದ್ರೆ ಗಟ್ಟಿ ಕಾಗದ, ನಾನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಅಂಚಿಗೆ ಟೇಪ್ ಹಚ್ಚಿ ಅಂಗಿ ಜೇಬಲ್ಲಿ ಇಟ್ಕೊಳ್ತಿದ್ದೆ, ಒಂದು ಸಲ ನನ್ ಹೆಂಡ್ತಿ ಅಂಗಿ ಸಮೇತ ನೆನೆಹಾಕಿ, ಆಮೇಲೆ ಅದನ್ನ ದಿಂಬಿನ ಕೆಳಗಿಟ್ಟು ಒಣಗಿಸಿ ಕೊಟ್ಲು, ಅಕ್ಷರ ಅಳಿಸಿರ್ಲಿಲ್ಲ. ಈಗ ಫೋನಲ್ಲೇ ಮಾಡಿಸ್ಬೋದು, ಅದಕ್ಕೆ ರೈಲ್ವೆಯೋರ ಯುಟಿಎಸ್ ಆ್ಯಪ್ ಇತ್ತು, ಈಗ ರೈಲ್‌ಒನ್ ಆ್ಯಪ್ ಅಂತನೂ ಬಂದಿದೆ. ಫೋನಲ್ಲಿ ತೋರ್ಸೋ ಟಿಕೆಟ್ ಮಾಡ್ಬೇಕಾದ್ರೆ ಸ್ಟೇಷನ್ ಒಳಗೆ ಬರೋಕೆ ಮುಂಚೆನೇ ಮಾಡ್ಕೊಳ್ಳಿ, ಪ್ಲಾಟ್‌ಫಾರ್ಮ್ ಮೇಲೆ ನಿಂತು ಒತ್ತಿದ್ರೆ ಅದು ತಗೊಳ್ಳಲ್ಲ. ಫೋನ್ ಬ್ಯಾಟರಿ ಇಲ್ಲಾಂದ್ರೆ ಟಿಕೆಟ್ಟೂ ಇಲ್ಲ ಅಂತ್ಲೇ ಲೆಕ್ಕ.

ನಾವು ಪಾಸ್‌ನೋರ ಗಾಡಿ ಅಂದ್ರೆ ಚಾಮುಂಡಿ ಎಕ್ಸ್‌ಪ್ರೆಸ್. ಬೆಳಿಗ್ಗೆ ಮೈಸೂರು ಬಿಟ್ಟು ಆಫೀಸ್ ಹೊತ್ತಿಗೆ ಬೆಂಗಳೂರು, ಸಂಜೆ ಆಫೀಸ್ ಬಿಟ್ಟ ಮೇಲೆ ಬೆಂಗಳೂರಿಂದ ವಾಪಸ್. ಈ ಗಾಡಿ ಇಲ್ದೆ ಹೋಗಿದ್ರೆ ಮದ್ದೂರು, ಮಂಡ್ಯ, ಚನ್ನಪಟ್ಟಣದ ಎಷ್ಟೋ ಸಂಸಾರ ಬೆಂಗಳೂರಲ್ಲಿ ಒಂದು ರೂಮಿನ ಬಾಡಿಗೆ ಮನೇಲಿ ಇರ್ತಿತ್ತು. ಸೆಕ್ರೆಟೇರಿಯಟ್‌ನೋರು, ಬ್ಯಾಂಕ್‌ನೋರು, ಕೋರ್ಟ್‌ನೋರು, ಗಾರ್ಮೆಂಟ್ಸ್ ಹೆಣ್ಮಕ್ಕಳು, ಕಾಲೇಜ್ ಹುಡುಗ್ರು ಎಲ್ಲಾ ಅದರಲ್ಲೇ. ಮದ್ದೂರಿಗೆ ಬರೋ ಹೊತ್ತಿಗೆ ಸೀಟ್ ತುಂಬಿರುತ್ತೆ, ಆದ್ರೆ "ಬನ್ನಿ ಸಾ, ಒಸಿ ಸರ್ಕೊಳ್ಳಿ, ಕುಂತ್ಕೊಳ್ಲಿ ಅವ್ರೂವೆ" ಅಂತ ಮೂರು ಜನದ ಸೀಟಲ್ಲಿ ನಾಲ್ಕನೇಯವ್ರಿಗೆ ಜಾಗ ಆಗುತ್ತೆ. ನಮ್ ಬೋಗೀಲಿ ಒಬ್ರು ರಿಟೈರ್ ಆದ ದಿನ ಇಡೀ ಗುಂಪು ಸೇರಿ ಹಾರ ಹಾಕಿ ಮೈಸೂರ್‌ಪಾಕ್ ಹಂಚಿದ್ವಿ, ಅವ್ರು ರಾಮನಗರ ಬರೋವರೆಗೂ ಮಾತಾಡ್ಲಿಲ್ಲ, ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ರು. ಮೂವತ್ತು ವರ್ಷ ಅದೇ ಬಂಡೆಗಳನ್ನ ನೋಡ್ಕೊಂಡು ಹೋದ ಮನುಷ್ಯ. ನಂಗೆ ಅಪ್ಪ ತೀರ್ಕೊಂಡಾಗ ಮೊದ್ಲು ಮನೆಗೆ ಬಂದಿದ್ದೂ ನೆಂಟ್ರಲ್ಲ, ಚಾಮುಂಡಿ ಗುಂಪಿನೋರು, ಬೆಳಿಗ್ಗೆ ನಾನು ಪ್ಲಾಟ್‌ಫಾರ್ಮಿಗೆ ಬರ್ಲಿಲ್ಲ ಅಂತ ಗೊತ್ತಾಗಿ ಇಬ್ರು ಆಫೀಸಿಗೆ ರಜಾ ಹಾಕಿ ಅಲ್ಲಿಂದ್ಲೇ ಬಂದ್ಬಿಟ್ಟಿದ್ರು.

ಮಳೆಗಾಲದ ಬೆಳಿಗ್ಗೆ ಈ ಲೈನ್ ನೋಡೋಕೆ ಚೆಂದ. ಮದ್ದೂರಿನ ಹತ್ರ ಶಿಂಷಾ ಹೊಳೆ, ಕಬ್ಬಿನ ಗದ್ದೆ, ತೆಂಗಿನ ತೋಟ, ಆಲೆಮನೆ ಹೊಗೆ, ಬೆಂಗಳೂರ್ ಕಡೆ ಹೋಗ್ತಾ ಹೋಗ್ತಾ ರಾಮನಗರದ ಬಂಡೆ ಬೆಟ್ಟ ಶುರು. ಕಿಟಕಿ ಸೀಟ್ ಸಿಕ್ಕಿದ್ರೆ ಫೋನ್ ಒಳಗಿಡಿ.

ಹೊರಗಿಂದ ಬರೋರು ವಡೆಗೋಸ್ಕರ ಮಾತ್ರ ಇಳೀಬೇಡಿ, ಒಂದು ದಿನ ಇಟ್ಕೊಂಡು ಬನ್ನಿ. ಸ್ಟೇಷನ್ ಹೊರಗೆ ಆಟೋ ಸಿಗುತ್ತೆ, ಊರು ಹತ್ರಾನೇ. ಉಗ್ರ ನರಸಿಂಹಸ್ವಾಮಿ ದೇವಸ್ಥಾನ ಇದೆ, ಪಕ್ಕದಲ್ಲೇ ವರದರಾಜಸ್ವಾಮಿ, ಎತ್ತರದ ನಿಂತ ಮೂರ್ತಿ, ಕಣ್ಣಿನ ತೊಂದರೆ ಇರೋರು ನೇತ್ರ ನಾರಾಯಣ ಅಂತ ಹರಕೆ ಹೊತ್ಕೊಳ್ತಾರೆ. ಹೊಳೆ ದಡದಲ್ಲಿ ಹೊಳೆ ಆಂಜನೇಯ. ಬೆಂಗಳೂರ್ ರೋಡಲ್ಲಿ ಶಿವಪುರದ ಸತ್ಯಾಗ್ರಹ ಸೌಧ ನೋಡ್ದೆ ಹೋಗ್ಬೇಡಿ, 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೇಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲೇ ಆಗಿದ್ದು, ಬಾವುಟ ಹಾರಿಸಬಾರ್ದು ಅಂತ ಸರ್ಕಾರದ ನಿಷೇಧ ಇದ್ರೂ ಹಾರಿಸಿ ಜೈಲಿಗೆ ಹೋದ್ರು. ಮಕ್ಕಳಿದ್ರೆ ಡಿಸೆಂಬರ್ ಆದ್ಮೇಲೆ ಕೊಕ್ಕರೆ ಬೆಳ್ಳೂರಿಗೆ ಹೋಗಿ, ಅದು ನಮ್ ತಾಲೂಕೇ, ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದ ಮೇಲೇ ಗೂಡು ಕಟ್ಟುತ್ವೆ, ಮನೆ ಅಂಗಳದಲ್ಲಿ ಬಿದ್ದ ಮರೀನ ಊರೋರೇ ಸಾಕ್ತಾರೆ. ಬೆಳಿಗ್ಗೆ ಬೇಗ ಇಳಿದ್ರೆ ಎಪಿಎಂಸಿ ಎಳನೀರು ಮಾರ್ಕೆಟ್ ನೋಡ್ಬೋದು, ಮುಂಬೈ, ಡೆಲ್ಲಿವರೆಗೂ ಲಾರಿ ಹೋಗುತ್ತೆ ಅಲ್ಲಿಂದ.

ಇನ್ನು ನಮ್ಮಮ್ಮನ ವಿಷಯ. ಅವ್ರಿಗೆ ಎಪ್ಪತ್ತಾರು, ಮೊಣಕಾಲು ನೋವು, ತಿಂಗಳಿಗೊಂದು ಸಲ ಮೈಸೂರಿಗೆ ಡಾಕ್ಟ್ರ ಹತ್ರ. ಕಾರ್ ಮಾಡ್ತೀನಿ ಅಂದ್ರೆ ಬೇಡ ರೈಲೇ ಸಾಕು ಅಂತಾರೆ, ಬಸ್ಸಲ್ಲಾದ್ರೆ ಎದ್ದು ನಿಲ್ಲೋಕಾಗಲ್ಲ, ರೈಲಲ್ಲಿ ಕಾಲು ಚಾಚ್ಬೋದು, ಬಾತ್‌ರೂಮ್ ಇರುತ್ತೆ. ಸ್ಟಾಪ್ ಬರೀ ಒಂದೆರಡು ನಿಮಿಷ ಅನ್ನೋದು ವಯಸ್ಸಾದೋರಿಗೆ ದೊಡ್ಡ ಭಯ. ನಾವು ಮಾಡೋದು ಇಷ್ಟು, ಇಳಿಯೋವಾಗ ಹಿಂದಿನ ಸ್ಟೇಷನ್ ದಾಟಿದ ತಕ್ಷಣ, ಅಂದ್ರೆ ಮೈಸೂರ್ ಕಡೆಯಿಂದ ಬರೋವಾಗ ಹನಕೆರೆ, ಬೆಂಗಳೂರ್ ಕಡೆಯಿಂದ ಬರೋವಾಗ ನಿಡಘಟ್ಟ, ಎದ್ದು ಬಾಗಿಲ ಹತ್ರದ ಸೀಟಿಗೆ ಬಂದು ಕೂತ್ಕೊಳ್ಳೋದು, ರೈಲು ಪೂರ್ತಿ ನಿಲ್ಲೋವರೆಗೂ ಮೆಟ್ಟಿಲಿಗೆ ಕಾಲಿಡ್ದೆ ಇರೋದು. ಮೊದಲ ಸಲ ಅವಸರದಲ್ಲಿ ಇಳಿಯೋಕೆ ಹೋದಾಗ ಪ್ಲಾಟ್‌ಫಾರ್ಮಲ್ಲಿದ್ದ ಒಬ್ಬ ವಡೆ ಬುಟ್ಟಿಯವ್ರು ಬುಟ್ಟಿ ಕೆಳಗಿಟ್ಟು ಅಮ್ಮನ ಎರಡೂ ಕೈ ಹಿಡಿದು ಇಳಿಸಿದ್ರು, ಅಷ್ಟರಲ್ಲಿ ಗಾಡಿ ಹೊರಟ್ಹೋಯ್ತು, ಆ ಗಾಡಿಯ ವ್ಯಾಪಾರ ಅವ್ರಿಗೆ ಹೋಯ್ತು. ಅಮ್ಮ ಅವತ್ತಿಂದ ಅವ್ರ ಹತ್ರ ಬಿಟ್ಟು ಬೇರೆಯವ್ರ ಹತ್ರ ವಡೆ ತಗೊಳ್ಳಲ್ಲ. ಹಿರಿಯ ನಾಗರಿಕರಿಗೆ ಇದ್ದ ರಿಯಾಯ್ತಿ 2020ರ ಮಾರ್ಚಲ್ಲಿ ನಿಂತಿದ್ದು ವಾಪಸ್ ಬರ್ಲಿ ಅನ್ನೋದು ಅವ್ರ ಆಸೆ, ದುಡ್ಡಿಗಿಂತ ಹೆಚ್ಚಾಗಿ ಅದು ಒಂದು ಮರ್ಯಾದೆ ಅಂತಾರೆ.

ಐದಕ್ಕೆ ಎಷ್ಟು ಕೊಡ್ತೀಯ ಅಂದ್ರೆ ನಾಲ್ಕೂವರೆ. ನಂಗೆ ಬೇಕಾಗಿರೋದು ಎರಡೇ. ಅಕ್ಕಪಕ್ಕದ ಮಂಡ್ಯ, ಚನ್ನಪಟ್ಟಣ, ರಾಮನಗರಕ್ಕೆಲ್ಲಾ ಸ್ಟೇಷನ್ ಅಭಿವೃದ್ಧಿ ಮಾಡೋ ಅಮೃತ್ ಭಾರತ್ ಯೋಜನೆ ಬಂದಿದೆ, ನಮ್ಗೂ ಬರ್ಲಿ. ಇನ್ನೊಂದು, ಟಿಫನ್ ರೂಮಿದ್ದ ಸ್ಟೇಷನ್ನಲ್ಲಿ 1917, ರಾಮಚಂದ್ರ ಬುಧ್ಯ, ಈ ವಡೆ ಹುಟ್ಟಿದ್ದು ಇಲ್ಲೇ ಅಂತ ಕ‌ನ್ನಡದಲ್ಲಿ ಒಂದು ಕಲ್ಲು ನೆಡ್ಲಿ, ಅದರ ಪಕ್ಕ ಒಂದು ಬಾಣಲೆ ಇಡೋಷ್ಟು ಜಾಗ ಯಾರಾದ್ರೂ ನಮ್ಮೂರೋರಿಗೆ ಕೊಡ್ಲಿ. ರೈಲು ಎರಡೇ ನಿಮಿಷ ನಿಂತ್ರೂ ಪರ್ವಾಗಿಲ್ಲ, ಹತ್ತೋಕೆ ಕಾಯೋ ನಾವೇ ಇದೀವಲ್ಲ, ಬೆಳಿಗ್ಗೆ ಬೆಳಿಗ್ಗೆ ಬಿಸಿ ವಡೆ ತಿನ್ನೋಕೆ.

ಪಾರ್ಸಲ್ ತಗೊಂಡು ಹೋಗೋರಿಗೆ ಒಂದು ಮಾತು, ಬಿಸಿ ಇರೋವಾಗ ಪ್ಲಾಸ್ಟಿಕ್ ಕವರಲ್ಲಿ ಬಾಯಿ ಕಟ್ಬೇಡಿ, ಬೆವರಿ ಮೆತ್ತಗಾಗುತ್ತೆ, ಪೇಪರಲ್ಲೇ ಸುತ್ತಿ ಬ್ಯಾಗ್ ಮೇಲ್ಗಡೆ ಇಡಿ, ಮನೆಗೆ ಹೋಗಿ ಆರಿದ್ಮೇಲೆ ಡಬ್ಬಿಗೆ ಹಾಕಿ. ನಾಳೆ ಸೋಮವಾರ, ನನ್ ಪಾಸ್ ಬುಧವಾರಕ್ಕೆ ಮುಗಿಯುತ್ತೆ, ಚಾಮುಂಡಿ ಬರೋಕೆ ಕಾಲು ಗಂಟೆ ಮುಂಚೆ ಹೋಗಿ ಕೌಂಟರಲ್ಲೇ ಇನ್ನು ಮೂರು ತಿಂಗಳಿಗೆ ಮಾಡಿಸ್ಬೇಕು.